ಹಳೆಯ ಬೀಡು ಕಬ್ಬಿಣದ ಚರಂಡಿ ಕೊಳವೆ: ಬಳಕೆ ನಿಂತ ಬಾಯಿಯನ್ನು ಮುಚ್ಚುವ ಬಗೆ

ಹಳೆಯ ಮನೆಯ ನವೀಕರಣ ಎಂದೊಡನೆ ಮೊದಲು ಸ್ಥಾನಪಲ್ಲಟಗೊಳ್ಳುವುದು ಬಚ್ಚಲು ಮತ್ತು ಶೌಚಾಲಯ. ಹಿತ್ತಿಲಿನ ಕಕ್ಕಸು ಉಗ್ರಾಣವಾಗುತ್ತದೆ, ಪಡಸಾಲೆಯ ಮೂಲೆಯ ಕೈತೊಳೆಯುವ ಬೇಸಿನ್ ಮಾಯವಾಗುತ್ತದೆ, ನೆಲದ ಮೇಲೆ ಹೊಸ ಟೈಲ್ಸ್ ಬರುತ್ತದೆ. ಇಷ್ಟೆಲ್ಲದರ ನಡುವೆ ಗೋಡೆಯಿಂದಲೋ ನೆಲದಿಂದಲೋ ಇಣುಕುವ ಹಳೆಯ ಕಬ್ಬಿಣದ ಕೊಳವೆಯ ಬಾಯಿಗೆ ಸಿಗುವ ಮರ್ಯಾದೆ ಅಷ್ಟಕ್ಕಷ್ಟೆ. ಹರಿದ ಸಿಮೆಂಟ್ ಚೀಲವನ್ನು ಉಂಡೆ ಕಟ್ಟಿ ತುರುಕಿ, ಮೇಲೆ ಎರಡು ಕರಣೆ ಗಾರೆ ಬಳಿದರೆ ಕೆಲಸ ಮುಗಿಯಿತೆಂದು ಮೇಸ್ತ್ರಿಯೂ ಮನೆಯವರೂ ಭಾವಿಸುತ್ತಾರೆ. ಕೆಲ ತಿಂಗಳ ಬಳಿಕ ಹೊಸ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಸುಳಿಯತೊಡಗಿದಾಗ, ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಲು ಅದೇ ಹೊಸ ಟೈಲ್ಸನ್ನು ಒಡೆಯಬೇಕಾಗುತ್ತದೆ.

ಬಳಕೆ ನಿಂತ ಚರಂಡಿ ಸಂಪರ್ಕವನ್ನು ಮುಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ಯಾವ ಕೊಳವೆಯನ್ನು, ಎಲ್ಲಿ, ಯಾವುದರಿಂದ ಮುಚ್ಚಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಕೈ ಹಾಕಿದರೆ ಮನೆಯ ಉಳಿದ ಚರಂಡಿ ವ್ಯವಸ್ಥೆಯೂ ಹದಗೆಡುತ್ತದೆ.

ಸೀಸದ ಕೀಲಿನ ಕೊಳವೆಗಳು

ಪಿವಿಸಿ ಕೊಳವೆಗಳು ಮಾರುಕಟ್ಟೆಯನ್ನು ಆವರಿಸುವ ಮುನ್ನ ಮನೆಯ ಮಲ ಮತ್ತು ಬಚ್ಚಲು ನೀರನ್ನು ಸಾಗಿಸುತ್ತಿದ್ದುದು ಬೀಡು ಕಬ್ಬಿಣದ, ಅಂದರೆ ಎರಕದ ಕಬ್ಬಿಣದ ಕೊಳವೆಗಳು. ಪ್ಲಂಬರುಗಳ ಬಾಯಲ್ಲಿ ಅವು ಇಂದಿಗೂ ‘ಸಿಐ ಪೈಪ್’. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೂ ಎರಕದ ಕೊಳವೆಗಳು ತಯಾರಾಗುತ್ತಿದ್ದವು. ಬೆಂಗಳೂರಿನ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ ಹಾಗೂ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಯಾದ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಕೊಳವೆಗಳು ಇನ್ನೂ ಗೋಡೆಗೆ ಅಂಟಿಕೊಂಡು ನಿಂತಿವೆ. ಒಳಚರಂಡಿ ಬರುವ ಮುನ್ನ ಕಕ್ಕಸುಗಳು ಮನೆಯ ಹಿಂಭಾಗದ ಕನ್ಸರ್ವೆನ್ಸಿ ಓಣಿಯ ಅಂಚಿನಲ್ಲಿದ್ದವು. ಒಳಚರಂಡಿ ಬಂದ ಮೇಲೆ ಅವೇ ಜಾಗಕ್ಕೆ ಕೊಳವೆಗಳು ಬಂದವು. ಹೀಗಾಗಿ ಹಳೆಯ ಮನೆಯಲ್ಲಿ ಮರೆತುಹೋದ ಸಂಪರ್ಕವನ್ನು ಹುಡುಕಬೇಕಾದರೆ ಮೊದಲು ನೋಡಬೇಕಾದ್ದು ಹಿತ್ತಿಲಿನ ಗೋಡೆಯ ಬುಡವನ್ನು.

ಈ ಕೊಳವೆಗಳ ಒಂದು ತುದಿ ಅಗಲ ಬಾಯಿಯ ಸಾಕೆಟ್, ಇನ್ನೊಂದು ತುದಿ ನೇರ. ನೇರ ತುದಿಯನ್ನು ಸಾಕೆಟ್‌ನೊಳಗೆ ಇಳಿಸಿ, ಸುತ್ತಲಿನ ಸಂದಿಗೆ ಮೊದಲು ಸೆಣಬಿನ ಹುರಿಯನ್ನು ಬಡಿದು ತುಂಬಿ, ಅದರ ಮೇಲೆ ಕರಗಿದ ಸೀಸವನ್ನು ಸುರಿದು, ಆರಿದ ಬಳಿಕ ಮೊಂಡು ಉಳಿಯಿಂದ ಸುತ್ತಲೂ ಬಡಿದು ಬಿಗಿಗೊಳಿಸುತ್ತಿದ್ದರು. ಕೆಲವೆಡೆ ಸೀಸದ ಬದಲು ಸಿಮೆಂಟನ್ನೇ ತುಂಬಿರುವುದೂ ಉಂಟು. ಉಜ್ಜಿದಾಗ ಬೆಳ್ಳಿಯಂತೆ ಹೊಳೆಯುವ, ಉಗುರಿನಿಂದ ಗೀರಬಹುದಾದ ಬೂದು ಬಣ್ಣದ ಉಂಗುರ ಕಂಡರೆ ಅದು ಸೀಸ.

ಬೀಡು ಕಬ್ಬಿಣ ಗಡುಸಾದದ್ದು, ಆದರೆ ಪೆಡಸು. ಬಾಗುವುದಿಲ್ಲ, ಒಡೆಯುತ್ತದೆ. ದಶಕಗಳ ಕಾಲ ಕೊಳಚೆಯ ಸಹವಾಸದಲ್ಲಿದ್ದ ಕೊಳವೆಯ ಒಳಮೈ ಸವೆದಿರುತ್ತದೆ. ನೀರು ಹರಿಯುವ ತಳಕ್ಕಿಂತ ಮೇಲ್ಭಾಗವೇ ಹೆಚ್ಚು ಸವೆಯುವುದುಂಟು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಅಲ್ಲಿನ ತೇವದಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ಗಂಧಕಾಮ್ಲವಾಗಿ ಮಾರ್ಪಟ್ಟು ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಕೊಳವೆ ಸುತ್ತಿಗೆಯ ಒಂದು ಪೆಟ್ಟಿಗೆ ಹೋಳಾಗುವುದು ಇದೇ ಕಾರಣಕ್ಕೆ.

ತೆರೆದ ಬಾಯಿ ಏಕೆ ಅಪಾಯ

ಬಳಕೆಯಲ್ಲಿರುವ ಪ್ರತಿಯೊಂದು ಬಚ್ಚಲಿನ ಕೆಳಗೆ ನಹನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸದಾ ನಿಲ್ಲುವ ಸುಮಾರು 50 ಮಿಲಿಮೀಟರ್ ನೀರೇ ಚರಂಡಿಯ ಅನಿಲವನ್ನು ಮನೆಯೊಳಗೆ ಬಾರದಂತೆ ತಡೆಯುವ ಬಾಗಿಲು. ಬಚ್ಚಲನ್ನು ಬಳಸುವುದು ನಿಲ್ಲಿಸಿದರೆ ಆ ನೀರು ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಆವಿಯಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಟ್ರ್ಯಾಪನ್ನೇ ಕಿತ್ತು ಹಾಕಿದ್ದರೆ ಹೇಳುವುದೇ ಬೇಡ.

ಹೈಡ್ರೋಜನ್ ಸಲ್ಫೈಡ್‌ನ ವಾಸನೆ ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ತಿಳಿಯುತ್ತದೆ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗದ ಆಸುಪಾಸಿಗೆ ಏರಿದರೆ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದು ಭಾವಿಸುವುದು ಚೇಂಬರ್ ಮತ್ತು ಗುಂಡಿಗಳ ಬಳಿ ಜೀವಕ್ಕೇ ಎರವಾಗಬಹುದು. ಮನೆಯ ಕೋಣೆಯಲ್ಲಿ ಅಷ್ಟು ಪ್ರಮಾಣ ಸೇರುವುದು ವಿರಳವಾದರೂ ತಲೆನೋವು, ವಾಕರಿಕೆಗೆ ಅಲ್ಪ ಪ್ರಮಾಣವೇ ಸಾಕು. ಜಿರಳೆ, ಇಲಿಗಳಿಗೂ ಒಣಗಿದ ಕೊಳವೆಯೇ ರಾಜಮಾರ್ಗ. ಎಷ್ಟು ಔಷಧ ಸಿಂಪಡಿಸಿದರೂ ಜಿರಳೆ ಕಡಿಮೆಯಾಗದ ಮನೆಗಳಲ್ಲಿ ಮುಚ್ಚದೆ ಬಿಟ್ಟ ಇಂಥದೊಂದು ಬಾಯಿ ಇರುವ ಸಾಧ್ಯತೆಯನ್ನು ಪರಿಶೀಲಿಸಲೇಬೇಕು.

ಒಣಗಿದ ಟ್ರ್ಯಾಪ್ ಎಂಥ ಅನಾಹುತಕ್ಕೆ ದಾರಿಯಾಗಬಹುದು ಎಂಬುದನ್ನು ಜಗತ್ತು ಕಂಡದ್ದು 2003ರಲ್ಲಿ, ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ. ಅಲ್ಲಿ ಮುನ್ನೂರಕ್ಕೂ ಹೆಚ್ಚು ನಿವಾಸಿಗಳಿಗೆ ಸಾರ್ಸ್ ಸೋಂಕು ತಗುಲಿತ್ತು. ಬಚ್ಚಲುಮನೆಯ ನೆಲದ ಟ್ರ್ಯಾಪ್‌ಗಳಲ್ಲಿ ನೀರು ಒಣಗಿದ್ದು, ಹೊರದೂಡುವ ಫ್ಯಾನ್ ಚಾಲೂ ಆದಾಗ ಮಲದ ಕೊಳವೆಯೊಳಗಿನ ಸೋಂಕಿತ ಹನಿಗಳು ಕೋಣೆಗೆ ಸೆಳೆಯಲ್ಪಟ್ಟಿದ್ದು ಸೋಂಕು ಹರಡಲು ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು. ನೆಲವನ್ನು ನೀರು ಸುರಿದು ತೊಳೆಯದೆ ಒರೆಸುವ ರೂಢಿಯೇ ಟ್ರ್ಯಾಪ್ ಒಣಗಲು ಹಿನ್ನೆಲೆಯಾಗಿತ್ತು. ‘ಡ್ರೈ ಬಾತ್‌ರೂಂ’ ಎಂಬ ಹೊಸ ಒಲವು ನಮ್ಮ ನಗರಗಳ ಮನೆಗಳಲ್ಲೂ ಬೇರೂರುತ್ತಿರುವುದರಿಂದ ಈ ಸಂಗತಿ ದೂರದ್ದೇನೂ ಅಲ್ಲ.

ಇನ್ನು ಮಳೆಗಾಲ. ಬೀದಿಯ ಒಳಚರಂಡಿಗೆ ಮಳೆನೀರು ನುಗ್ಗಿ ತುಂಬಿದಾಗ ನೆಲಮಹಡಿಯ ಕೊಳವೆಗಳಲ್ಲಿ ಕೊಳಚೆ ಹಿಮ್ಮುಖವಾಗಿ ಏರುತ್ತದೆ. ತಗ್ಗಿನ ಮನೆಗಳಲ್ಲಿ ಅದು ಮೊದಲು ಹೊರಬೀಳುವುದು ಎಲ್ಲಿ ತಡೆ ದುರ್ಬಲವೋ ಅಲ್ಲಿ. 100 ಮಿಲಿಮೀಟರ್ ವ್ಯಾಸದ ಕೊಳವೆಯ ಮುಚ್ಚಳದ ಮೇಲೆ ಒಂದು ಮೀಟರ್ ಎತ್ತರದ ನೀರು ಸುಮಾರು 7.8 ಕಿಲೋಗ್ರಾಂ ಭಾರದಷ್ಟು ಒತ್ತಡ ಹಾಕುತ್ತದೆ. ಮೂರು ಮೀಟರ್ ಆದರೆ 23 ಕಿಲೋಗ್ರಾಂ ದಾಟುತ್ತದೆ. ಚೀಲದ ಉಂಡೆ ಮತ್ತು ಅರ್ಧ ಅಂಗುಲ ಗಾರೆಗೆ ಇದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಮುಚ್ಚುವ ಮೊದಲು ಗುರುತು ಹಿಡಿಯಿರಿ

ಅತ್ಯಂತ ದೊಡ್ಡ ಪ್ರಮಾದ ಸಂಭವಿಸುವುದು ಈ ಹಂತದಲ್ಲೇ. ಬಳಕೆಯಲ್ಲಿಲ್ಲ ಎಂದು ತೋರುವ ಕೊಳವೆ ವಾಸ್ತವದಲ್ಲಿ ಗಾಳಿ ಕೊಳವೆಯಾಗಿರಬಹುದು. ತಾರಸಿಯ ಮೇಲೆ ಟೋಪಿ ಧರಿಸಿದಂತೆ ಜಾಲರಿ ಹೊತ್ತು ನಿಂತಿರುವ ಕೊಳವೆಯಲ್ಲಿ ನೀರು ಹರಿಯುವುದೇ ಇಲ್ಲ. ಅದರ ಕೆಲಸ ಚರಂಡಿಯ ಅನಿಲವನ್ನು ಮೇಲಕ್ಕೆ ಬಿಡುವುದು ಮತ್ತು ನೀರು ಹರಿಯುವಾಗ ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಸಮಸ್ಥಿತಿಯಲ್ಲಿಡುವುದು. ಅದನ್ನು ಮುಚ್ಚಿದರೆ, ಮೇಲ್ಮಹಡಿಯಲ್ಲಿ ಫ್ಲಶ್ ಮಾಡಿದಾಗಲೆಲ್ಲ ಕೆಳಗಿನ ಟ್ರ್ಯಾಪ್‌ಗಳ ನೀರು ‘ಗುಳುಗುಳು’ ಸದ್ದಿನೊಂದಿಗೆ ಹೀರಿಹೋಗುತ್ತದೆ. ಒಂದು ಬಾಯಿ ಮುಚ್ಚಲು ಹೋಗಿ ನಾಲ್ಕು ಬಾಯಿ ತೆರೆದಂತಾಗುತ್ತದೆ.

ಹಳೆಯ ಮನೆಗಳಲ್ಲಿ ಮಲದ ಕೊಳವೆ ಬೇರೆ, ಬಚ್ಚಲು ನೀರಿನ ಕೊಳವೆ ಬೇರೆ ಇರುತ್ತಿದ್ದವು. ಮೊದಲನೆಯದು ನೇರವಾಗಿ ಚೇಂಬರ್‌ಗೆ, ಎರಡನೆಯದು ಗಲ್ಲಿ ಟ್ರ್ಯಾಪ್ ಮೂಲಕ ಚೇಂಬರ್‌ಗೆ ಸೇರುತ್ತಿತ್ತು. ಇವೆರಡರ ಪಕ್ಕದಲ್ಲೇ ತಾರಸಿಯ ಮಳೆನೀರಿನ ಕೊಳವೆಯೂ ಇಳಿದಿರಬಹುದು. ಯಾವುದು ಯಾವುದೆಂದು ತಿಳಿಯಲು ಸರಳ ಉಪಾಯವಿದೆ: ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿನಲ್ಲಿ ಕಲಸಿ ಕೊಳವೆಗೆ ಸುರಿಯಬೇಕು, ಮತ್ತೊಬ್ಬರು ಅಂಗಳದ ಚೇಂಬರ್‌ನ ಮುಚ್ಚಳ ತೆಗೆದು, ತುಸು ದೂರದಲ್ಲೇ ನಿಂತು ನೋಡಬೇಕು. ನೀಲಿ ನೀರು ಯಾವ ಬಾಯಿಯಿಂದ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಬಳಿಕ ಮನೆಯ ಪ್ರತಿಯೊಂದು ನಲ್ಲಿಯನ್ನೂ ಒಂದೊಂದಾಗಿ ಬಿಟ್ಟು, ಮುಚ್ಚಬೇಕೆಂದಿರುವ ಕೊಳವೆಯಲ್ಲಿ ನೀರಿನ ಸದ್ದು ಕೇಳುವುದೇ ಎಂದು ಪರೀಕ್ಷಿಸಬೇಕು. ಬಾಡಿಗೆದಾರರ ಭಾಗ, ಮೇಲ್ಮಹಡಿ, ಹೊರಗಿನ ಬಟ್ಟೆ ಒಗೆಯುವ ಕಲ್ಲು ಯಾವುದನ್ನೂ ಬಿಡಕೂಡದು.

ಅಪಾರ್ಟ್‌ಮೆಂಟ್‌ಗಳಲ್ಲಿ ಮಾತು ಬೇರೆ. ಅಲ್ಲಿನ ಉದ್ದ ಕೊಳವೆ ಎಲ್ಲರ ಸಾಮಾನ್ಯ ಸ್ವತ್ತು. ತಮ್ಮ ಮನೆಯೊಳಗಿನ ಕವಲನ್ನು ಮುಚ್ಚುವುದಕ್ಕೂ ಸಂಘಕ್ಕೆ ತಿಳಿಸಿ, ಮೇಲಿನ ಮನೆಗಳವರು ಕೆಲಸ ಮುಗಿಯುವವರೆಗೆ ನೀರು ಬಿಡದಂತೆ ಏರ್ಪಾಡು ಮಾಡಿಕೊಳ್ಳುವುದು ಒಳಿತು. ಇಲ್ಲವಾದರೆ ಅದರ ಫಲವನ್ನು ಅನುಭವಿಸುವವರು ಕೊಳವೆಯ ಎದುರು ಕುಳಿತ ಪ್ಲಂಬರ್.

ಎಲ್ಲಿ ಮುಚ್ಚಬೇಕು

ಕೈಗೆ ಸಿಕ್ಕಿದಲ್ಲಿ ಮುಚ್ಚುವುದು ಸುಲಭ; ಸರಿಯಾದದ್ದು ಮುಖ್ಯ ಕೊಳವೆಗೆ ಆದಷ್ಟು ಹತ್ತಿರದಲ್ಲಿ ಮುಚ್ಚುವುದು. ಕವಲಿನ ತುದಿಯಲ್ಲಿ ಮಾತ್ರ ಮುಚ್ಚಿ ನಾಲ್ಕಾರು ಅಡಿ ಉದ್ದದ ಖಾಲಿ ಕೊಳವೆಯನ್ನು ಹಾಗೆಯೇ ಉಳಿಸಿದರೆ, ಮುಖ್ಯ ಕೊಳವೆಯಿಂದ ಚಿಮ್ಮುವ ಕೊಳಚೆ ಅದರಲ್ಲಿ ಸೇರಿ, ಹೊರಹೋಗಲು ಹರಿವಿಲ್ಲದೆ ಕೊಳೆಯುತ್ತದೆ. ಗೋಡೆಯ ಒಳಗಿನ ಆ ತುಂಡು ಮೊದಲೇ ತುಕ್ಕು ಹಿಡಿದಿದ್ದರೆ ಗೋಡೆಯಲ್ಲಿ ಕಾರಣ ತಿಳಿಯದ ತೇವ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಕವಲನ್ನು ಕಳಚಿ, ಅದು ಮುಖ್ಯ ಕೊಳವೆಯನ್ನು ಸೇರುವ ಸಾಕೆಟ್‌ನಲ್ಲೇ ಮುಚ್ಚಬೇಕು. ನೆಲದಡಿಯ ಕೊಳವೆಯಾದರೆ ಅಂಗಳದ ಚೇಂಬರ್‌ನ ಕಡೆಯಿಂದಲೂ, ಮನೆಯ ಕಡೆಯಿಂದಲೂ ಎರಡೂ ತುದಿಗಳನ್ನು ಮುಚ್ಚುವುದು ಕ್ಷೇಮ.

ಕಳಚುವಾಗ ಎಚ್ಚರ

ಮೊದಲ ಕೆಲಸ ಕೊಳವೆಗೆ ಯಥೇಚ್ಛವಾಗಿ ನೀರು ಹರಿಸುವುದು, ಕೋಣೆಯ ಕಿಟಕಿ ಬಾಗಿಲು ತೆರೆಯುವುದು. ಚರಂಡಿಯ ಅನಿಲದಲ್ಲಿ ಮೀಥೇನ್ ಇರುತ್ತದೆ. ಕತ್ತರಿಸುವ ಗ್ರೈಂಡರ್ ಯಂತ್ರದಿಂದ ಕಿಡಿ ಹಾರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಬೀಡಿ ಸೇದುತ್ತಾ ಈ ಕೆಲಸ ಮಾಡುವವರಿಗೆ ಕೊರತೆಯಿಲ್ಲದ ಕಾರಣ ಈ ಮಾತನ್ನು ಬಾಯಿಬಿಟ್ಟು ಹೇಳಲೇಬೇಕಾಗಿದೆ.

ಸುತ್ತಿಗೆ, ಉಳಿಗಳಿಂದ ಬಡಿದು ಕೊಳವೆಯನ್ನು ತುಂಡರಿಸುವುದು ಹಳೆಯ ಪದ್ಧತಿ. ಅನುಭವಿಗಳ ಕೈಯಲ್ಲಿ ಅದು ಸಾಧ್ಯ. ಆದರೆ ಸವೆದ ಕೊಳವೆಯಲ್ಲಿ ಬಿರುಕು ಎತ್ತ ಓಡುತ್ತದೆ ಎಂದು ಯಾರೂ ಹೇಳಲಾರರು. ಮುಖ್ಯ ಕೊಳವೆಯ ಸಾಕೆಟ್ ಸೀಳಿದರೆ ಮುಚ್ಚುವ ಕೆಲಸ ಬದಲಾಯಿಸುವ ಕೆಲಸವಾಗಿ ಬೆಳೆಯುತ್ತದೆ. ಕತ್ತರಿಸುವ ಬಿಲ್ಲೆ ಅಳವಡಿಸಿದ ಗ್ರೈಂಡರ್‌ನಿಂದ, ಕನ್ನಡಕ ಮತ್ತು ಮುಖಗವಸು ಧರಿಸಿ, ಸಾಕೆಟ್‌ನಿಂದ ತುಸು ದೂರದಲ್ಲಿ ಕೊಯ್ಯುವುದೇ ಲೇಸು. ಕೊಯ್ಯುವ ಮುನ್ನ ಎರಡೂ ಬದಿಗೆ ಆಧಾರ ಕೊಡಬೇಕು. 100 ಮಿಲಿಮೀಟರ್ ಕೊಳವೆ ಮೀಟರಿಗೆ ಹತ್ತು ಕಿಲೋಗ್ರಾಂ ಆಸುಪಾಸು ತೂಗುತ್ತದೆ. ಗೋಡೆಯ ಮೊಳೆಗಳು ತುಕ್ಕು ಹಿಡಿದಿದ್ದರೆ ಮೇಲಿನ ಇಡೀ ಉದ್ದ ಒಮ್ಮೆಲೇ ಕೆಳಗೆ ಕೂರಬಹುದು.

ಸಾಕೆಟ್‌ನಲ್ಲಿ ಉಳಿಯುವ ತುಂಡನ್ನು ತೆಗೆಯಲು ಸೀಸದ ಉಂಗುರದಲ್ಲಿ ಸುತ್ತಲೂ ಡ್ರಿಲ್‌ನಿಂದ ರಂಧ್ರ ಕೊರೆದು, ಉಳಿದದ್ದನ್ನು ಚಿಕ್ಕ ಉಳಿಯಿಂದ ಎಬ್ಬಬೇಕು. ಬ್ಲೋ ಲ್ಯಾಂಪ್ ಹಚ್ಚಿ ಸೀಸವನ್ನು ಕರಗಿಸುವ ಅಭ್ಯಾಸ ಬೇಗ ಮುಗಿಯುವಂತೆ ಕಂಡರೂ ಸಲ್ಲದು. ಸೀಸದ ಹೊಗೆ ವಿಷ. ಉದುರಿದ ಚೂರುಗಳನ್ನು ಗುಡಿಸಿ ತೆಗೆದಿಟ್ಟು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಂಡು, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ಅಡ್ಡ ಕೊಳವೆಗಳಿಗೆ ಸೀಸ ಸುರಿಯುವಾಗ ಕೀಲಿನ ಸುತ್ತ ಕಟ್ಟುತ್ತಿದ್ದ ಹಗ್ಗ ಕಲ್ನಾರಿನದ್ದಾಗಿರುತ್ತಿತ್ತು. ಅಂಥ ಬಿಳಿ ನಾರಿನ ಹಗ್ಗದ ತುಂಡು ಎಲ್ಲಾದರೂ ಉಳಿದಿದ್ದರೆ ಒಣಗಿರುವಾಗ ಉಜ್ಜದೆ, ನೀರು ಚಿಮುಕಿಸಿ ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಬೇಕು.

ಯಾವುದರಿಂದ ಮುಚ್ಚಬೇಕು

ಕೊಳವೆಯ ನೇರ ತುದಿ ಹೊರಗೆ ಚಾಚಿಕೊಂಡಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ಇರುವ ರಬ್ಬರ್ ಟೋಪಿಯೇ ಎಲ್ಲಕ್ಕಿಂತ ಉತ್ತಮ ಎಂಬುದು ಈ ಲೇಖಕನ ಅಭಿಪ್ರಾಯ. ಇದು ಬಿಗಿಯಾಗಿ ಕೂರುತ್ತದೆ, ಕೊಳವೆಯ ಅಲುಗಾಟವನ್ನು ತಾಳಿಕೊಳ್ಳುತ್ತದೆ, ಬೇಕೆಂದಾಗ ಸ್ಕ್ರೂಡ್ರೈವರ್‌ನಿಂದ ಬಿಚ್ಚಬಹುದು. ಆದರೆ ಅಳತೆ ಕರಾರುವಾಕ್ಕಾಗಿರಬೇಕು. ಹಳೆಯ ಕೊಳವೆಗಳು ಅಂಗುಲದ ಲೆಕ್ಕದವು. ನಾಲ್ಕಂಗುಲದ ಕೊಳವೆ ಎಂದರೆ ಒಳಗಿನ ವ್ಯಾಸ. ಟೋಪಿ ಕೂರಬೇಕಾದದ್ದು ಹೊರಮೈ ಮೇಲೆ. ಕೊಳವೆಯ ಸುತ್ತ ದಾರ ಸುತ್ತಿ ಉದ್ದ ಅಳೆದು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. ದಾರ 345 ಮಿಲಿಮೀಟರ್ ಬಂದರೆ ವ್ಯಾಸ 110 ಮಿಲಿಮೀಟರ್. ಟೋಪಿ ಹಾಕುವ ಮುನ್ನ ಹಳೆಯ ಬಣ್ಣ, ಡಾಂಬರು, ತುಕ್ಕಿನ ಹಕ್ಕಳೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಹಸನು ಮಾಡಬೇಕು. ಈ ಟೋಪಿಯನ್ನು ಗಾರೆಯಲ್ಲಿ ಹುದುಗಿಸಬಾರದು. ಅದರ ಮುಂದೆ ಬಿಚ್ಚಬಹುದಾದ ಮುಚ್ಚಳದ ಸಣ್ಣ ಗೂಡು ಬಿಡಬೇಕು.

ಉಳಿದಿರುವುದು ಸಾಕೆಟ್ ಮಾತ್ರವಾದರೆ ಎರಕದ ಕಬ್ಬಿಣದ ಪ್ಲಗ್ ಇಳಿಸಿ ಕೀಲು ತುಂಬುವುದು ಶಾಸ್ತ್ರೀಯ ಕ್ರಮ. ಇಲ್ಲಿಯೂ ಕರಗಿದ ಸೀಸದ ಮೋಹ ಬೇಡ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಳಕೆಯಲ್ಲಿದ್ದ ಚರಂಡಿಯ ಸಾಕೆಟ್‌ನಲ್ಲಿ ಒಂದಿಷ್ಟು ತೇವ ಉಳಿದಿದ್ದರೂ ಅದು ತಟ್ಟನೆ ಆವಿಯಾಗಿ ಕುದಿಯುವ ಸೀಸವನ್ನು ಮುಖಕ್ಕೆ ಸಿಡಿಸುತ್ತದೆ. ಡಾಂಬರು ಸವರಿದ ಸೆಣಬಿನ ಹುರಿಯನ್ನು ಸಾಕೆಟ್‌ನ ಅರ್ಧ ಆಳದವರೆಗೆ ಬಿಗಿಯಾಗಿ ಬಡಿದು, ಉಳಿದ ಭಾಗಕ್ಕೆ ನೀರು ಕಡಿಮೆಯಿರುವ ಗಟ್ಟಿ ಸಿಮೆಂಟ್ ಗಾರೆಯನ್ನು ಒತ್ತಿ ತುಂಬಿ, ಒದ್ದೆ ಗೋಣಿತಾಟು ಸುತ್ತಿ ಕೆಲವು ದಿನ ಹದಗೊಳಿಸಿದರೆ ಮನೆಮಟ್ಟಿಗೆ ಸಾಕು. ಚೀಲದ ಉಂಡೆಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಗಾರೆ ತುಂಬುವುದು ಕಬ್ಬಿಣದ ಪ್ಲಗ್‌ನ ಸುತ್ತಲಿನ ಕಿರಿದಾದ ಸಂದಿಯನ್ನು ಮಾತ್ರ. ಇಡೀ ಬಾಯಿಗೆ ಗಾರೆ ತುಂಬಿದಾಗ ಅದು ಒಣಗುತ್ತಾ ಕುಗ್ಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅನಿಲಕ್ಕೆ ಅಷ್ಟೇ ಸಾಕು. ಒಳಗಿನ ಚೀಲ ಜಾರಿ ಕೆಳಗೆ ಬಿದ್ದರೆ ಮುಖ್ಯ ಕೊಳವೆಯೇ ಕಟ್ಟಿಕೊಳ್ಳುತ್ತದೆ.

ನಡುವಿನ ತಿರುಪನ್ನು ಬಿಗಿ ಮಾಡಿದರೆ ರಬ್ಬರ್ ಹಿಗ್ಗಿ ಕೂರುವ ಟೆಸ್ಟ್ ಪ್ಲಗ್‌ಗಳೂ ದೊರೆಯುತ್ತವೆ. ಕಾಮಗಾರಿ ನಡೆಯುವಷ್ಟು ಕಾಲ ಇವು ಬಹಳ ಉಪಯುಕ್ತ. ಆದರೆ ತುಕ್ಕಿನಿಂದ ಒರಟಾದ ಒಳಮೈ ಮೇಲೆ ವರ್ಷಗಟ್ಟಲೆ ಬಿಗಿ ಹಿಡಿದಿರುತ್ತವೆಂದು ನೆಚ್ಚುವಂತಿಲ್ಲ. ಎಂ-ಸೀಲ್‌ನಂಥ ಎಪಾಕ್ಸಿ ಲೇಪ ಸಣ್ಣ ಬಿರುಕಿಗೆ ಸರಿ, ನಾಲ್ಕಂಗುಲದ ಬಾಯಿಗಲ್ಲ. ಡಬ್ಬಿಯಿಂದ ಚಿಮ್ಮಿಸಿ ಉಬ್ಬಿಸುವ ನೊರೆಯನ್ನಂತೂ ಇಲಿಗಳು ಕಡಿದು ಹಾಕುತ್ತವೆ.

ಪರೀಕ್ಷೆ

ಟೈಲ್ಸ್ ಹಾಕುವ ಮುನ್ನ ಪರೀಕ್ಷೆ ಮುಗಿಯಬೇಕು. ಮುಚ್ಚಿದ ಕೀಲಿನ ಸುತ್ತ ಸೋಪಿನ ನೀರು ಸವರಿ, ಮೇಲ್ಮಹಡಿಯಿಂದ ಒಮ್ಮೆಗೇ ಎರಡು ಮೂರು ಬಕೆಟ್ ನೀರು ಸುರಿಸಿದರೆ ಕೊಳವೆಯೊಳಗಿನ ಗಾಳಿ ಒತ್ತಲ್ಪಡುತ್ತದೆ; ಗುಳ್ಳೆ ಎದ್ದರೆ ಕೀಲು ಸೋರುತ್ತಿದೆ ಎಂದರ್ಥ. ಪ್ಲಂಬಿಂಗ್ ಕಸುಬಿನಲ್ಲಿ ಇನ್ನೊಂದು ಹಳೆಯ ತಂತ್ರವಿದೆ. ತಾರಸಿಯ ಗಾಳಿ ಕೊಳವೆಯಿಂದ ಸ್ವಲ್ಪ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಸುರಿದು, ಹಿಂದೆಯೇ ಬಿಸಿನೀರು ಹಾಕಿ, ಕೆಳಗಿನ ಕೋಣೆಗಳಲ್ಲಿ ಮತ್ತೊಬ್ಬರು ಮೂಸಿ ನೋಡುವುದು. ಎಣ್ಣೆ ಸುರಿದವರು ಮಾತ್ರ ಕೆಳಗೆ ಬರಕೂಡದು. ಅವರ ಕೈಯ ಘಮಲೇ ಇಡೀ ಮನೆಯನ್ನು ದಾರಿ ತಪ್ಪಿಸುತ್ತದೆ. ಬೆಂಕಿ ಕಡ್ಡಿ ಗೀರಿ ಅನಿಲ ಸೋರಿಕೆ ಪರೀಕ್ಷಿಸುವ ದುಸ್ಸಾಹಸವನ್ನು ಯಾರೂ ಮಾಡಬಾರದು.

ಮುಚ್ಚಿದ ಜಾಗದ ಛಾಯಾಚಿತ್ರ ತೆಗೆದು, ಎರಡು ಗೋಡೆಗಳಿಂದ ಅದರ ದೂರವನ್ನು ಅಳೆದು ಮನೆಯ ನಕ್ಷೆಯ ಮೇಲೆ ಬರೆದಿಡಬೇಕು. ಮುಂದೆ ಮನೆ ಕೊಳ್ಳುವವರಿಗೂ, ಗೋಡೆ ಕೊರೆಯುವ ಎಲೆಕ್ಟ್ರಿಷಿಯನ್‌ಗೂ ಇದು ಬೇಕಾಗುತ್ತದೆ.

ಮನೆಯನ್ನೇ ಕೆಡವುವಾಗ

ಹಳೆಯ ಬಡಾವಣೆಗಳಲ್ಲಿ ಒಂಟಿ ಮನೆ ಉರುಳಿ ಮಹಡಿಗಳು ಏಳುವುದು ಈಗ ನಿತ್ಯದ ನೋಟ. ಕೆಡವುವ ಮುನ್ನ ಬೀದಿಯ ಒಳಚರಂಡಿಗೆ ಸೇರುವ ಸಂಪರ್ಕವನ್ನು ನಿವೇಶನದ ಕೊನೆಯ ಚೇಂಬರ್‌ನಲ್ಲೇ ಮುಚ್ಚದಿದ್ದರೆ ಮಣ್ಣು, ಇಟ್ಟಿಗೆ ಚೂರು, ಗಾರೆಯ ರಾಡಿ ನೇರವಾಗಿ ಬೀದಿಯ ಕೊಳವೆಗೆ ಇಳಿಯುತ್ತವೆ. ಅದರ ಫಲ ಉಣ್ಣುವವರು ಅಕ್ಕಪಕ್ಕದ ಮನೆಯವರು. ಬೆಂಗಳೂರಿನಲ್ಲಿ ಜಲಮಂಡಳಿ, ಇತರ ಊರುಗಳಲ್ಲಿ ಒಳಚರಂಡಿಯ ಉಸ್ತುವಾರಿ ಹೊತ್ತ ಸ್ಥಳೀಯ ಸಂಸ್ಥೆಗೆ ಮೊದಲೇ ಅರ್ಜಿ ಕೊಟ್ಟು ಸಂಪರ್ಕ ಕಡಿತ ಮಾಡಿಸಿಕೊಳ್ಳಬೇಕು. ಬೀದಿಯ ಮ್ಯಾನ್‌ಹೋಲ್ ಮುಚ್ಚಳವನ್ನು ಖಾಸಗಿಯವರು ತೆರೆಯುವಂತಿಲ್ಲ.

ಒಳಚರಂಡಿ ಬಂದ ಬಳಿಕ ಮರೆತುಬಿಟ್ಟ ಸೆಪ್ಟಿಕ್ ಟ್ಯಾಂಕ್ ಹಿತ್ತಿಲಿನಲ್ಲಿ ಹುದುಗಿದ್ದರೆ ಅದಕ್ಕೆ ಸೇರುವ ಕೊಳವೆಯನ್ನು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯದು. ಹೀರುಯಂತ್ರದ ವಾಹನ ತರಿಸಿ ಅದನ್ನು ಪೂರ್ತಿ ಬರಿದು ಮಾಡಿಸಿ, ಹೊರಗಿನಿಂದಲೇ ಯಂತ್ರದ ಮೂಲಕ ತಳವನ್ನು ಒಡೆಸಿ, ಮಣ್ಣು ತುಂಬಿ ಪದರ ಪದರವಾಗಿ ಗಟ್ಟಿಸಬೇಕು. ಯಾವ ಕಾರಣಕ್ಕೂ ಕೂಲಿಯಾಳನ್ನು ಅದರೊಳಗೆ ಇಳಿಸಕೂಡದು. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸಲು ಮನುಷ್ಯರನ್ನು ತೊಡಗಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ್ದು, ಕೆಲಸಕ್ಕೆ ಹಚ್ಚಿದ ಮನೆಯ ಮಾಲೀಕರೂ ಶಿಕ್ಷೆಗೆ ಗುರಿಯಾಗುತ್ತಾರೆ.